ಕಂಟೇನರ್ ಆರಿಸುವ ಮೊದಲು ನೀರಿನ ಲೆಕ್ಕ ಹಾಕಿ

(ಉಡುಪಿಯಲ್ಲಿ ಸಣ್ಣ ವ್ಯಾಪಾರಿಗಳು, ಕೃಷಿಕರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಎರಡು ಥರದ ಜನ ಇದ್ದೀರಿ. ಗೇರುಬೀಜ, ಕಾಫಿ, ಮೀನು, ಮಸಾಲೆ ಹೊರದೇಶಕ್ಕೆ ಕಳಿಸುವವರು, ಇಲ್ಲವೇ ಕಳಿಸಬೇಕು ಅಂತ ಯೋಚನೆ ಮಾಡುತ್ತಿರುವವರು ಸ್ವಲ್ಪ ಜನ. ಉಳಿದವರು ತೋಟದಲ್ಲೋ ಅಂಗಡಿಯ ಹಿಂದೆಯೋ ಒಂದು ಹಳೇ ಕಂಟೇನರ್ ಇಟ್ಟು ಅದನ್ನೇ ಗೋದಾಮು ಮಾಡಿಕೊಳ್ಳೋಣ ಅಂತ ಬಂದವರು. ಇಬ್ಬರೂ ನನ್ನ ಹತ್ತಿರ ಮೊದಲು ಕೇಳುವುದು ಒಂದೇ ಮಾತು. ಇಪ್ಪತ್ತು ಅಡಿಯದ್ದು ತಗೊಳ್ಳುವುದಾ, ನಲವತ್ತು ಅಡಿಯದ್ದಾ? ರೇಟ್ ಎಷ್ಟು?

ಅದು ಆಮೇಲಿನ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದ್ದು ಬೇರೆ ಉಂಟು. ನಿಮ್ಮ ಸರಕಿಗೆ ನೀರು ತಾಗಿದರೆ ಎಂತ ಆಗುತ್ತದೆ, ಮತ್ತು ಆ ನೀರು ಎಲ್ಲಿಂದ ಬರುತ್ತದೆ?

ನಾವಿರುವ ಊರು ಅಂಥದ್ದು, ಅದಕ್ಕೇ ಹೇಳುತ್ತಿದ್ದೇನೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ, ಉಡುಪಿ ಕಡೆ ಇನ್ನೂ ಜಾಸ್ತಿ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಉಳಿದ ತಿಂಗಳಲ್ಲಾದರೂ ಗಾಳಿ ಒಣಗಿರುತ್ತದಾ ಅಂದರೆ ಅದೂ ಇಲ್ಲ, ಕಡಲು ಪಕ್ಕದಲ್ಲೇ ಉಂಟಲ್ವಾ. ಬೆಂಗಳೂರಿನಲ್ಲಿ ಕಂಟೇನರ್ ಇಟ್ಟುಕೊಂಡವರು ಕೊಟ್ಟ ಸಲಹೆಯನ್ನು ಹಾಗೇ ತಂದು ಕಾಪುವಿನಲ್ಲೋ ಬೈಂದೂರಿನಲ್ಲೋ ಪಾಲಿಸಿದರೆ ನಡೆಯುವುದಿಲ್ಲ.

ಕಂಟೇನರ್ ಅಂದರೆ ಸೋರದ ಪೆಟ್ಟಿಗೆ, ಬಾಗಿಲು ಹಾಕಿ ಸರಳು ಬಿಗಿದರೆ ಮುಗಿಯಿತು ಅಂತ ತುಂಬಾ ಜನ ನಂಬಿದ್ದಾರೆ. ಪೆಟ್ಟಿಗೆ ಚೆನ್ನಾಗಿದ್ದರೆ ಹೊರಗಿನ ನೀರನ್ನು ತಡೆಯುತ್ತದೆ, ನಿಜ. ಆದರೆ ನಾವೇ ಒಳಗೆ ತುಂಬಿದ ನೀರು ಹೊರಗೆ ಹೋಗಲಿಕ್ಕೂ ಬಿಡುವುದಿಲ್ಲ. ಲೆಕ್ಕ ಹಾಕಿ ನೋಡಿ. ಇಪ್ಪತ್ತು ಅಡಿ ಕಂಟೇನರ್‌ನ ಒಳಗೆ ಸುಮಾರು 33 ಘನ ಮೀಟರ್ ಜಾಗ. 30 ಡಿಗ್ರಿಯ ಗಾಳಿ ಎಷ್ಟೇ ತೇವ ಹೀರಿದರೂ ಒಂದು ಘನ ಮೀಟರಿಗೆ 30 ಗ್ರಾಂ ನೀರು ಹಿಡಿಯುತ್ತದೆ, ಅಷ್ಟೇ. ಅಂದರೆ ಒಳಗಿನ ಅಷ್ಟೂ ಗಾಳಿಯಲ್ಲಿ ಇರುವುದು ಒಂದು ಲೀಟರ್. ಈಗ ಅದಕ್ಕೆ ಕಾಫಿ ತುಂಬಿ. 60 ಕಿಲೋದ 320 ಚೀಲ, ಒಟ್ಟು 19,200 ಕಿಲೋ. ಚೆನ್ನಾಗಿ ಒಣಗಿಸಿದ ಕಾಫಿಯಲ್ಲೂ ನೂರಕ್ಕೆ 11ರಷ್ಟು ತೇವ ಇದ್ದೇ ಇರುತ್ತದೆ. ಹಾಗಾದರೆ ಬಾಗಿಲು ಹಾಕಿದ ಮೇಲೆ ಒಳಗಿರುವ ನೀರು 2,100 ಲೀಟರ್! ಅದರಲ್ಲಿ ನೂರಕ್ಕೆ ಒಂದು ಪಾಲು ಹೊರಗೆ ಬಂದರೂ ಸಾಕು, ಇಪ್ಪತ್ತು ಲೀಟರ್ ಆಯಿತು.

ಅದು ಹೊರಗೆ ಬರುವುದು ಹೇಗೆ? ಹಗಲು ಬಿಸಿಲಿಗೆ ತಗಡು ಕಾಯುತ್ತದೆ, ಸರಕು ಬಿಸಿಯಾಗಿ ತೇವ ಬಿಡುತ್ತದೆ. ರಾತ್ರಿ ತಗಡು ತಣ್ಣಗಾಗುತ್ತದೆ. ಬಿಸಿ ಅನ್ನದ ಪಾತ್ರೆಗೆ ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಮುಚ್ಚಳದ ಒಳಗೆ ಹನಿ ಕೂತಿರುತ್ತದಲ್ಲ, ಅದೇ ಇಲ್ಲೂ ಆಗುತ್ತದೆ. ಚಾವಣಿಯ ಒಳಮೈಯಲ್ಲಿ ಹನಿ ಕಟ್ಟಿ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಮರುದಿನ ಮತ್ತೆ ಅದೇ. ನಮ್ಮ ಸೆಕೆಯಲ್ಲಿ ತುಂಬಿಸಿದ ಪೆಟ್ಟಿಗೆ ಡಿಸೆಂಬರಿನಲ್ಲಿ ಯುರೋಪಿನ ಚಳಿಗೆ ಹೋದರೆ ಇನ್ನೂ ಜೋರು. ಅಲ್ಲಿ ಬಾಗಿಲು ತೆಗೆದವರು ಮೇಲಿನ ಚೀಲಗಳಲ್ಲಿ ಕಪ್ಪು ಕಲೆ, ಬೂಸ್ಟು ನೋಡಿ ಕಂಟೇನರ್ ಸೋರಿದೆ ಅಂತ ದೂರು ಕೊಡುತ್ತಾರೆ. ಹುಡುಕಿದರೆ ಒಂದು ತೂತೂ ಸಿಗುವುದಿಲ್ಲ. ಪಕ್ಕದ ಗೋಡೆಯ ಮೇಲ್ಭಾಗದಲ್ಲಿ ಸಣ್ಣ ಗಾಳಿಕಿಂಡಿ ಇರುತ್ತದಲ್ಲ ಅಂತ ಕೇಳುತ್ತೀರಿ. ಇರುತ್ತದೆ. ಆದರೆ ಅದು ಒಳಗಿನ ಹೊರಗಿನ ಒತ್ತಡ ಸರಿದೂಗಿಸಲಿಕ್ಕೆ ಇಟ್ಟದ್ದು. ಗಾಳಿ ಆಡಲಿಕ್ಕೆ ಅದು ಎಲ್ಲಿಗೂ ಸಾಲುವುದಿಲ್ಲ.

ಮಂಗಳೂರಿನ ಹಳೇ ಬಂದರಿಗೆ ಹೋದರೆ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ, ಅಂದರೆ ಮರದ ಸಣ್ಣ ಹಡಗುಗಳಿಗೆ, ಸಾಮಾನು ತುಂಬುವುದು ಈಗಲೂ ನೋಡಬಹುದು. ಅಲ್ಲಿ ಪ್ರತಿ ಚೀಲಕ್ಕೂ ಮನುಷ್ಯರ ಕೈ ತಾಗುತ್ತದೆ. ಒದ್ದೆ ಚೀಲ ಬಂದರೆ ಹೊತ್ತವನಿಗೇ ಮೊದಲು ಗೊತ್ತಾಗುತ್ತದೆ. 1956ರ ಏಪ್ರಿಲ್ 26ರಂದು ಅಮೆರಿಕದಲ್ಲಿ ಲಾರಿ ಉದ್ಯಮಿ ಮಾಲ್ಕಮ್ ಮೆಕ್‌ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆ ಹೊತ್ತು ಹೊರಟ ಮೇಲೆ ಈ ಕೈಗಳೆಲ್ಲ ಒಂದೊಂದಾಗಿ ಬಿಟ್ಟುಹೋದವು. ಖರ್ಚು ಇಳಿಯಿತು, ಕಳ್ಳತನ ಕಡಿಮೆಯಾಯಿತು. ಆದರೆ ಸೀಲ್ ಬಿದ್ದ ಮೇಲೆ ಕೊಂಡವರ ಅಂಗಳ ತಲುಪುವ ತನಕ ಒಳಗೆ ಸಾಧಾರಣವಾಗಿ ಯಾರೂ ನೋಡುವುದಿಲ್ಲ. ನೋಡುವ ಕೆಲಸವೆಲ್ಲ ತುಂಬುವ ಮೊದಲೇ ಮುಗಿಯಬೇಕು. ಪಣಂಬೂರಿನ ನವಮಂಗಳೂರು ಬಂದರಿನಿಂದ ಹೊರಟದ್ದು ಎಷ್ಟೋ ಸಲ ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊದಂಥ ದೊಡ್ಡ ಬಂದರಿಗೆ ಹೋಗಿ, ಅಲ್ಲಿ ಬಿಸಿಲಲ್ಲಿ ಕಾದು, ಆಮೇಲೆ ದೊಡ್ಡ ಹಡಗು ಹತ್ತುತ್ತದೆ. ಆ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಈಗ ಅಳತೆಗೆ ಬರುತ್ತೇನೆ. ನಲವತ್ತು ಅಡಿಯದ್ದರಲ್ಲಿ ಜಾಗ ಎರಡು ಪಟ್ಟು, 67 ಘನ ಮೀಟರ್. ಒಂದಡಿ ಎತ್ತರ ಜಾಸ್ತಿ ಇರುವ ಹೈ ಕ್ಯೂಬ್ ಆದರೆ 76. ಹಾಗಾದರೆ ತೂಕವೂ ಎರಡು ಪಟ್ಟು ಹಾಕಬಹುದು ಅಂತ ಅಂದಾಜು ಮಾಡಿದರೆ ಕೆಟ್ಟಿತು. ಸಾಮಾನ್ಯವಾಗಿ ಎರಡಕ್ಕೂ ಒಟ್ಟು ತೂಕದ ಮಿತಿ ಒಂದೇ, 30,480 ಕಿಲೋ. ಖಾಲಿ ಇಪ್ಪತ್ತಡಿಯ ತೂಕ ಎರಡು ಟನ್ನಿಗಿಂತ ಸ್ವಲ್ಪ ಮೇಲೆ, ಖಾಲಿ ನಲವತ್ತಡಿಯದ್ದು ನಾಲ್ಕು ಟನ್ನಿನ ಹತ್ತಿರ. ಹಾಗಾಗಿ ದೊಡ್ಡದರಲ್ಲಿ ಹಾಕಬಹುದಾದ ಸರಕಿನ ತೂಕ ಸಣ್ಣದಕ್ಕಿಂತ ಕಡಿಮೆ! ಗೇರುಬೀಜದವರಿಗೆ ಇದು ಚೆನ್ನಾಗಿ ಗೊತ್ತು. 22.68 ಕಿಲೋದ ಪೆಟ್ಟಿಗೆ 700 ಹಾಕಿದರೆ ಒಂದು ಇಪ್ಪತ್ತಡಿ ಲೋಡು, 15,876 ಕಿಲೋ. ನಲವತ್ತಡಿಗೆ ಅದರ ಎರಡು ಪಟ್ಟು, 1,400 ಪೆಟ್ಟಿಗೆ ತುಂಬಿದರೆ 31 ಟನ್ ದಾಟುತ್ತದೆ. ಜಾಗ ಉಂಟು, ಆದರೆ ತುಂಬುವ ಹಾಗಿಲ್ಲ.

ನಿಮ್ಮ ಸರಕಿನ ಒಂದು ಘನ ಮೀಟರ್ ಎಷ್ಟು ತೂಗುತ್ತದೆ ನೋಡಿ. 350 ಕಿಲೋಗಿಂತ ಕಡಿಮೆಯಾದರೆ ನಲವತ್ತಡಿಯ ಬಗ್ಗೆ ಯೋಚಿಸಿ. ನಾರಿನ ಸಾಮಾನು, ಪ್ಲಾಸ್ಟಿಕ್ ಕುರ್ಚಿ, ಖಾಲಿ ಡಬ್ಬಿ ಈ ಥರದ್ದು. ಅದಕ್ಕಿಂತ ಭಾರ ಆದಷ್ಟೂ ಇಪ್ಪತ್ತಡಿ ಕಡೆ ಬನ್ನಿ. ಗ್ರಾನೈಟ್ ಆದರೆ ಇಪ್ಪತ್ತಡಿ ಅರ್ಧ ತುಂಬುವ ಮೊದಲೇ ತೂಕ ಮುಗಿದಿರುತ್ತದೆ. ರಸ್ತೆಯಲ್ಲಿ ಟ್ರೈಲರಿಗೆ ಆಕ್ಸಲ್ ಪ್ರಕಾರ ಇರುವ ಮಿತಿ ಬೇರೆ, ಶಿರಾಡಿ ಘಾಟಿ ಇಳಿದು ಬರುವ ಗಾಡಿಯಾದರೆ ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಕಂಟೇನರಿನ ಯಾವ ಅರ್ಧ ಉದ್ದದಲ್ಲೂ ಒಟ್ಟು ಭಾರದ ನೂರಕ್ಕೆ 60ಕ್ಕಿಂತ ಜಾಸ್ತಿ ಬೀಳದ ಹಾಗೆ ಹರಡಿ ತುಂಬಿ. 2016ರ ಜುಲೈ 1ರಿಂದ ತುಂಬಿದ ಕಂಟೇನರಿನ ಖಚಿತ ತೂಕ, ಅಂದರೆ ವಿಜಿಎಂ, ಬರೆದುಕೊಡದೆ ಹಡಗಿಗೆ ಹತ್ತಿಸುವ ಹಾಗಿಲ್ಲ. ಅದರ ಹೊಣೆ ಕಳಿಸುವವರದ್ದು, ಲಾರಿಯವರದ್ದಲ್ಲ.

ಇನ್ನೊಂದು, ಬಾಗಿಲನ್ನು ಅಳೆಯಿರಿ. ಒಳಗೆ ಎತ್ತರ 2.39 ಮೀಟರ್ ಇದ್ದರೂ ಬಾಗಿಲಿನ ಹತ್ತಿರ ಸಿಗುವುದು 2.28. ಯಂತ್ರ ಕಳಿಸುವವರು ಒಳಗಿನ ಅಳತೆ ನೋಡಿ ಪ್ಯಾಕ್ ಮಾಡಿಸಿ, ಬಾಗಿಲಲ್ಲಿ ಸಿಕ್ಕಿಬಿದ್ದು, ಇಡೀ ಮರದ ಪೆಟ್ಟಿಗೆ ಬಿಚ್ಚಿಸಿದ್ದನ್ನು ಬೈಕಂಪಾಡಿಯಲ್ಲಿ ನೋಡಿದ್ದೇನೆ. ಮೇಲಿನಿಂದ ಇಳಿಸಬೇಕಾದ ಸಾಮಾನಿಗೆ ಓಪನ್ ಟಾಪ್ ಅಂತ, ಪಕ್ಕಕ್ಕೆ ಚಾಚುವ ಸಾಮಾನಿಗೆ ಫ್ಲಾಟ್ ರ‍್ಯಾಕ್ ಅಂತ ಬೇರೆ ಬರುತ್ತದೆ. ಇಲ್ಲಿರುವ ಹೆಚ್ಚಿನವರಿಗೆ ಅದು ಬೇಡ.

ಇನ್ನು ಪರೀಕ್ಷೆ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ಜನ ಬಣ್ಣ ನೋಡಿ ಮರುಳಾಗುವುದು ಇಲ್ಲೇ.

ಯಾರ್ಡಿಗೆ ಹೋದ ತಕ್ಷಣ ಒಳಗೆ ಹೋಗಿ ಹೊರಗಿನಿಂದ ಎರಡೂ ಬಾಗಿಲು ಪೂರ್ತಿ ಹಾಕಲಿಕ್ಕೆ ಹೇಳಿ. ಹೊರಗೆ ನಂಬಿಕೆಯ ಜನ ಒಬ್ಬರು ಇರಲಿ. ಕಣ್ಣಿಗೆ ಕತ್ತಲು ಅಭ್ಯಾಸ ಆಗುವ ತನಕ ಸುಮ್ನೆ ನಿಂತುಕೊಳ್ಳಿ. ಆಮೇಲೆ ಮೇಲೆ ನೋಡಿ, ಮೂಲೆಗಳನ್ನು ನೋಡಿ, ಕೆಳಗೆ ಗೋಡೆ ಮತ್ತು ನೆಲ ಸೇರುವ ಗೆರೆ ನೋಡಿ. ಸೂಜಿ ಮೊನೆಯಷ್ಟು ಬೆಳಕು ಕಂಡರೂ ಅಲ್ಲಿಂದ ನೀರು ಬರುತ್ತದೆ. ಕತ್ತಲಲ್ಲೇ ಮೂಗಿಗೂ ಕೆಲಸ ಕೊಡಿ. ಹಿಂದೆ ತುಂಬಿದ್ದ ಮೀನಿನ ಹುಡಿ, ರಾಸಾಯನಿಕ, ಕಾಳುಮೆಣಸು ಎಲ್ಲದರ ವಾಸನೆ ಪ್ಲೈವುಡ್ ನೆಲದಲ್ಲಿ ಕೂತಿರುತ್ತದೆ. ಬಾಗಿಲು ತೆರೆದಿಟ್ಟಾಗ ಆ ವಾಸನೆ ಗೊತ್ತಾಗುವುದಿಲ್ಲ. ಕಾಫಿ, ಚಹಾ, ಗೋಡಂಬಿ ಇವೆಲ್ಲ ವಾಸನೆ ಹೀರುವ ಸರಕು.

ಹೊರಗೆ ಬಂದು ಬಾಗಿಲ ಅಂಚಿನ ರಬ್ಬರ್ ಒತ್ತಿ ನೋಡಿ, ಬಿರುಕು ಬಿಟ್ಟಿದ್ದರೆ, ತುಂಡಾಗಿದ್ದರೆ ಬೇಡ. ಸರಳು ಒಬ್ಬರೇ ತಿರುಗಿಸಲಿಕ್ಕೆ ಆಗುತ್ತದಾ ನೋಡಿ. ಬಾಗಿಲು ಹಿಡಿದುಕೊಳ್ಳುತ್ತಿದ್ದರೆ ಚೌಕಟ್ಟು ತಿರುಚಿದೆ ಅಂತ ಅರ್ಥ ಇರಬಹುದು. ಏಣಿ ಹಾಕಿ ಚಾವಣಿ ನೋಡಿ. ತಗ್ಗು ಬಿದ್ದಲ್ಲಿ ನೀರು ನಿಂತು, ಅಲ್ಲೇ ಮೊದಲು ತುಕ್ಕು. ಕೊನೆಗೆ ಬಗ್ಗಿ ಅಡಿಗೆ ನೋಡಿ. ನೆಲವನ್ನು ಹೊತ್ತ ಅಡ್ಡ ತೊಲೆಗಳು ಅಲ್ಲಿರುತ್ತವೆ. ನಮ್ಮ ಕಡೆ ಕೆಂಪು ಮಣ್ಣಿನ ಮೇಲೆ ಎರಡು ಮಳೆಗಾಲ ಕೂತ ಕಂಟೇನರಿಗೆ ಮೇಲೆ ಹೊಸ ಬಣ್ಣ ಬಳಿದು ನಿಲ್ಲಿಸಿರುತ್ತಾರೆ, ಅಡಿಯ ತೊಲೆಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ತುಕ್ಕು ಪದರ ಪದರವಾಗಿ ಉದುರುತ್ತದೆ. ಗೋಡೆಗೆ ತೇಪೆ ಹಾಕಬಹುದು. ತೊಲೆ ಹೋದರೆ ಮಾತ್ರ ಆ ಪೆಟ್ಟಿಗೆಯನ್ನು ಮರೆತುಬಿಡಿ.

ಬಾಗಿಲಿನ ಮೇಲೆ ಒಂದು ಲೋಹದ ಫಲಕ ಇರುತ್ತದೆ, ಸಿಎಸ್‌ಸಿ ಪ್ಲೇಟ್. 1972ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹಾಕುವುದು. ತಯಾರಾದ ತಿಂಗಳು, ವರ್ಷ, ತೂಕದ ಮಿತಿ ಎಲ್ಲ ಅದರಲ್ಲೇ ಉಂಟು. ಹಡಗಿಗೆ ಹೋಗುವುದಾದರೆ ಆ ಒಪ್ಪಂದದ ಪ್ರಕಾರ ಮಾಡುವ ಸುರಕ್ಷತಾ ತಪಾಸಣೆ ಚಾಲ್ತಿಯಲ್ಲಿರಬೇಕು. ತೋಟದಲ್ಲಿ ಇಡುವವರಿಗೆ ಅದು ಬೇಕಾಗಿಲ್ಲ, ಆದರೆ ನೆಲದ ಮರಕ್ಕೆ ಯಾವ ಕೀಟನಾಶಕ ಹಾಕಿದ್ದಾರೆ ಅಂತ ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ, ಅದನ್ನು ಓದಿ. ಹೌದು, 28 ಮಿಲಿಮೀಟರ್ ಪ್ಲೈವುಡ್ಡಿಗೆ ಹುಳ ಹಿಡಿಯದಿರಲಿ ಅಂತ ಔಷಧಿ ಹಾಕಿರುತ್ತಾರೆ. ಅಕ್ಕಿ, ಬೇಳೆ, ಪಶು ಆಹಾರ ಯಾವುದನ್ನೂ ಆ ನೆಲಕ್ಕೆ ನೇರ ತಾಗಿಸಬೇಡಿ.

ರಫ್ತು ಮಾಡುವವರಿಗೆ ಕಂಟೇನರ್ ಕೊಡುವುದು ಹಡಗು ಕಂಪನಿ. ಕೊಟ್ಟದ್ದನ್ನು ತಗೊಳ್ಳಲೇಬೇಕು ಅಂತ ಏನೂ ಇಲ್ಲ, ಇದು ಬೇಡ, ಬೇರೆ ಕೊಡಿ ಅಂತ ಯಾರ್ಡಿನಲ್ಲೇ ಹೇಳಿ. ತಗೊಳ್ಳುವುದಾದರೆ ಇದ್ದ ಹಾನಿಯನ್ನು ಇಐಆರ್ ಚೀಟಿಯಲ್ಲಿ, ಅಂದರೆ ಕಂಟೇನರ್ ಕೊಡುವಾಗ ಅದರ ಸ್ಥಿತಿ ದಾಖಲಿಸುವ ರಸೀದಿಯಲ್ಲಿ, ಬರೆಸಿ, ಫೋಟೋ ತೆಗೆದಿಡಿ. ಇಲ್ಲದಿದ್ದರೆ ವಾಪಸ್ ಕೊಡುವಾಗ ರಿಪೇರಿ ಬಿಲ್ ನಿಮಗೇ ಬರುತ್ತದೆ. ತುಂಬುವ ಮೊದಲು ಗೋಡೆಗೆ ಕ್ರಾಫ್ಟ್ ಪೇಪರ್ ಹೊದಿಸಿ, ಮೇಲಿನ ಸಾಲಿನ ಚೀಲಕ್ಕೂ ಹಾಕಿ, ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ತೂಗುಹಾಕಿ. ಪ್ಯಾಲೆಟ್ಟಿನ ಮರ ಒಣಗಿದೆಯಾ ನೋಡಿ. ಜುಲೈಯಲ್ಲಿ ಅಂಗಳದಲ್ಲಿ ನೆನೆದ ಪ್ಯಾಲೆಟ್ಟನ್ನು ಹಾಗೇ ಒಳಗೆ ತಳ್ಳಿದರೆ ಆ ನೀರೂ ಸರಕಿನ ಜೊತೆ ಪ್ರಯಾಣ ಮಾಡುತ್ತದೆ. ಮಳೆ ಸುರಿಯುತ್ತಿರುವಾಗ ಮೇಲೆ ಸೂರು ಇಲ್ಲದ ಜಾಗದಲ್ಲಿ ಲೋಡಿಂಗ್ ಮಾಡಲೇಬೇಡಿ, ಲಾರಿಯವರು ಎಷ್ಟು ಅವಸರ ಮಾಡಿದರೂ.

ಮಲ್ಪೆಯಿಂದ ಬಂದ ಒಬ್ಬರು ರೀಫರ್ ಬಗ್ಗೆ ಕೇಳಿದರು. ರೀಫರ್ ಅಂದರೆ ತಂಪು ಕಂಟೇನರ್. ಅದು ಮೀನನ್ನು ತಂಪು ಮಾಡುವ ಯಂತ್ರ ಅಲ್ಲ, ತಂಪಾಗಿರುವುದನ್ನು ಹಾಗೇ ಉಳಿಸುವ ಯಂತ್ರ. ಮೈನಸ್ 18ಕ್ಕೆ ಹೋಗಬೇಕಾದ ಮೀನು ಮೈನಸ್ 18 ಆಗಿಯೇ ಒಳಗೆ ಬರಬೇಕು. ಒಳಗೆ ಕೆಂಪು ಗೆರೆ ಇರುತ್ತದೆ, ಅದರ ಮೇಲೆ ತುಂಬಿದರೆ ತಂಪು ಗಾಳಿ ತಿರುಗಲಿಕ್ಕೆ ದಾರಿ ಇಲ್ಲ. ಹಳೇ ರೀಫರ್ ತಂದು ಮನೆಯಲ್ಲೇ ಶೈತ್ಯಾಗಾರ ಮಾಡುವವರು ಮೊದಲು ನಿಮ್ಮಲ್ಲಿ ತ್ರೀ ಫೇಸ್ ಕರೆಂಟ್ ಉಂಟಾ ನೋಡಿ, ಕರೆಂಟ್ ಹೋದಾಗ ಜನರೇಟರ್ ಉಂಟಾ ನೋಡಿ. ಯಂತ್ರ ಕೆಟ್ಟ ರೀಫರ್ ಕಡಿಮೆ ರೇಟಿಗೆ ಸಿಗುತ್ತದೆ. ಆದರೆ ಗೋಡೆಯ ಒಳಗಿನ ಫೋಮಿಗೆ ನೀರು ಇಳಿದಿದ್ದರೆ ಅದು ಭಾರದ ಪೆಟ್ಟಿಗೆ ಮಾತ್ರ, ತಂಪು ಹಿಡಿಯುವುದಿಲ್ಲ.

ಇನ್ನು ಗೋದಾಮಿಗೆ ಕೊಳ್ಳುವವರು. ನಿಮಗೆ ಎರಡು ಮಾತು ಒತ್ತಿ ಹೇಳುತ್ತೇನೆ. ಒಂದು, ಕಾಗದ. ಹೊರದೇಶದ ಕಂಟೇನರ್‌ಗಳು ಸುಂಕ ಕಟ್ಟದೆ ದೇಶದೊಳಗೆ ಬರುತ್ತವೆ, ಆರು ತಿಂಗಳೊಳಗೆ ವಾಪಸ್ ಹೋಗಬೇಕು ಅನ್ನುವುದು ಷರತ್ತು. ಅಂಥದ್ದನ್ನು ಇಲ್ಲೇ ಮಾರಬೇಕಾದರೆ ಸುಂಕ ಕಟ್ಟಿರಬೇಕು. ಹಾಗಾಗಿ ಸುಂಕ ಕಟ್ಟಿದ ದಾಖಲೆ, ಜಿಎಸ್‌ಟಿ ಬಿಲ್ ಎರಡನ್ನೂ ಕೇಳಿ. ಬಿಲ್ಲಿನಲ್ಲಿ ಕಂಟೇನರ್ ನಂಬರ್ ಇರಲಿ, ನಾಲ್ಕು ಅಕ್ಷರ, ಏಳು ಅಂಕೆ, ಬಾಗಿಲ ಮೇಲಿರುವುದಕ್ಕೆ ಸರಿಯಾಗಿ. ನಂಬರ್ ಕೆರೆದು ತೆಗೆದ ಪೆಟ್ಟಿಗೆ ಎಷ್ಟು ಅಗ್ಗವಾದರೂ ಬೇಡ.

ಎರಡನೆಯದು, ಮೇಲೊಂದು ಮಾಡು, ಅಂದರೆ ಸೂರು. ಕಂಟೇನರ್ ಮೇಲೆ ಒಂದೂವರೆ ಅಡಿ ಬಿಟ್ಟು, ಸುತ್ತ ಚಾಚುವ ಹಾಗೆ ಶೀಟಿನ ಮಾಡು ಹಾಕಿ. ಇದರಷ್ಟು ಲಾಭದ ಖರ್ಚು ಬೇರೆ ಇಲ್ಲ. ಬಿಸಿಲು ನೇರ ತಾಗದೆ ಒಳಗೆ ಕಾಯುವುದು ಕಡಿಮೆ, ರಾತ್ರಿ ಚಾವಣಿ ಒಮ್ಮೆಲೇ ತಣ್ಣಗಾಗುವುದು ಕಡಿಮೆ, ಹಾಗಾಗಿ ಹನಿ ಕಟ್ಟುವುದೂ ಕಡಿಮೆ. ಮಳೆ ನೀರು ಬಾಗಿಲ ರಬ್ಬರಿನ ತನಕ ಬರುವುದೇ ಇಲ್ಲ.

ಕೂರಿಸುವಾಗ ನಾಲ್ಕೂ ಮೂಲೆಗೆ ಕಾಂಕ್ರೀಟ್ ಅಥವಾ ಗಟ್ಟಿ ಕೆಂಪು ಕಲ್ಲಿನ ಕಟ್ಟೆ ಕೊಡಿ, ನೆಲದಿಂದ ಒಂದಡಿ ಮೇಲೆ ಇರಲಿ, ಅಡಿಗೆ ಜಲ್ಲಿ ಹಾಕಿ, ಗಾಳಿ ಓಡಾಡಲಿ. ಒಂದು ಮೂಲೆ ಕುಸಿದರೆ ಬಾಗಿಲು ಹಾಕಲಿಕ್ಕೇ ಆಗುವುದಿಲ್ಲ. ಎಲ್ಲಾ ಭಾರ ಹೊರುವುದು ಆ ನಾಲ್ಕು ಮೂಲೆ ಕಂಬಗಳು. ಗೋಡೆಯ ತಗಡು ಎರಡು ಮಿಲಿಮೀಟರ್ ಕೂಡ ಇಲ್ಲ. ಅದಕ್ಕೇ ಗುಡ್ಡ ಕಡಿದು ಮಣ್ಣಿಗೆ ತಾಗಿಸಿ ಇಡಬಹುದಾ ಅಂತ ಕೇಳಿದವರಿಗೆ ಖಂಡಿತ ಬೇಡ ಅಂದೆ. ಮಳೆಗಾಲದಲ್ಲಿ ನೆನೆದ ಮಣ್ಣು ಗೋಡೆಯನ್ನು ಒಳಗೆ ಒತ್ತಿಬಿಡುತ್ತದೆ. ಕಿಟಕಿ ಕೊರೆದರೆ ಸುತ್ತ ಕಬ್ಬಿಣದ ಚೌಕಟ್ಟು ವೆಲ್ಡ್ ಮಾಡಿಸಿ, ಕತ್ತರಿಸಿದ ಅಂಚಿಗೆ ಅದೇ ದಿನ ಪ್ರೈಮರ್ ಹಚ್ಚಿ. ಕಡಲ ಗಾಳಿಯ ಉಪ್ಪು ಒಂದು ವಾರ ಸಹ ಕಾಯುವುದಿಲ್ಲ. ದಾರಿಯನ್ನೂ ನೋಡಿಕೊಳ್ಳಿ. ನಮ್ಮ ತೋಟದ ಓಣಿಗಳಲ್ಲಿ ನಲವತ್ತಡಿ ಟ್ರೈಲರ್ ತಿರುಗುವುದಿಲ್ಲ, ಕರೆಂಟ್ ತಂತಿ ಕೆಳಗಿರುತ್ತದೆ. ಇಪ್ಪತ್ತಡಿ ಖಾಲಿ ಪೆಟ್ಟಿಗೆಯನ್ನು ಹೈಡ್ರಾ ಕ್ರೇನ್ ಆರಾಮಾಗಿ ಇಳಿಸುತ್ತದೆ. ಪಂಚಾಯತಿನಲ್ಲಿ ಒಂದು ಮಾತು ಕೇಳಿಯೇ ಕೆಲಸ ಶುರು ಮಾಡಿ.

“ಸರ್, ಚಾಲಿ ಅಡಿಕೆ ಇಡಬಹುದಾ?” ಕಾರ್ಕಳ ಕಡೆಯ ಒಬ್ಬರು ಕೇಳಿದರು. ಇಡಬಹುದು, ಆದರೆ ಪೂರ್ತಿ ಒಣಗಿದ್ದನ್ನು ಮಾತ್ರ. ಅದೂ ಒಳಗೆ ಪ್ಲಾಸ್ಟಿಕ್ ಹಾಕಿ ಬಾಯಿ ಬಿಗಿದ ಗೋಣಿಯಲ್ಲಿ, ಪ್ಯಾಲೆಟ್ ಮೇಲೆ, ಗೋಡೆಯಿಂದ ಒಂದಡಿ ದೂರ. ಮೇಲೆ ಮಾಡು ಬೇಕೇ ಬೇಕು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಗಾಳಿ ಆಡಲಿ ಅಂತ ಬಾಗಿಲು ತೆರೆದಿಡಬೇಡಿ, ಆಗ ಒಳಗೆ ಬರುವುದೆಲ್ಲ ಒದ್ದೆ ಗಾಳಿ. ಬಿಸಿಲು ಬಂದ ದಿನ ಮಧ್ಯಾಹ್ನ ತೆರೆದು, ಸಂಜೆಯ ಮೊದಲೇ ಹಾಕಿ. ಅರ್ಧ ಒಣಗಿದ ಅಡಿಕೆಗೆ ಕಂಟೇನರಿಗಿಂತ ಮನೆಯ ಅಟ್ಟವೇ ಸಾವಿರ ಪಾಲು ಮೇಲು.

ಕೊನೆಗೆ ಹಪ್ಪಳ, ಉಪ್ಪಿನಕಾಯಿ ಮಾಡುವ ಅಕ್ಕ ಒಬ್ಬರು ಕೇಳಿದರು, ದುಬೈಗೆ ಕಳಿಸಲಿಕ್ಕೆ ಸಣ್ಣ ಕಂಟೇನರ್ ಸಿಗುತ್ತದಾ ಅಂತ. ಅಕ್ಕಾ, ನಿಮಗೆ ಇಡೀ ಕಂಟೇನರ್ ಬೇಡ. ಹಲವರ ಸಾಮಾನು ಸೇರಿಸಿ ಒಂದರಲ್ಲಿ ಕಳಿಸುತ್ತಾರೆ, ಎಲ್‌ಸಿಎಲ್ ಅನ್ನುತ್ತಾರೆ, ನಿಮ್ಮ ಪಾಲಿನ ಜಾಗಕ್ಕೆ ಮಾತ್ರ ದುಡ್ಡು. ಆದರೆ ಪಕ್ಕದಲ್ಲಿ ಯಾರ ಸಾಮಾನು ಬರುತ್ತದೆ ಅಂತ ಬುಕ್ ಮಾಡುವಾಗಲೇ ಕೇಳಿ. ಒಣಮೀನು, ಸಾಬೂನು, ಬಣ್ಣ ಇದ್ದರೆ ಮುಂದಿನ ಲೋಡಿಗೆ ಹಾಕಿ ಅನ್ನಿ. ಹಪ್ಪಳಕ್ಕೆ ಎರಡು ಪದರ ಪ್ಲಾಸ್ಟಿಕ್ ಹಾಕಿ ಬಾಯಿ ಸೀಲ್ ಮಾಡಿಸಿ. ಉಪ್ಪಿನಕಾಯಿ ಬಾಟಲಿಯ ಪೆಟ್ಟಿಗೆಯನ್ನು ಹಪ್ಪಳದ ಪೆಟ್ಟಿಗೆಯ ಕೆಳಗೇ ಇಡಲಿಕ್ಕೆ ಹೇಳಿ.